ಕಾಯಿಸಿ ಆರಿಸಿದ ನೀರಿನಲ್ಲಿ ಹೈಡ್ರಿಲ್ಲಾ

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ದೇವದುರ್ಗದ ಒಂದು ಪ್ರೌಢಶಾಲೆಗೆ ವಿಜ್ಞಾನದ ಶಿಕ್ಷಕನಾಗಿ ಹೋದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಮಾತನಾಡಿ ಪಳಗಿದವನು. ವಿಷಯ ಯಾವುದೇ ಇರಲಿ, ಪಕ್ಷವನ್ನು ಸರಿಯಾಗಿ ಮಂಡಿಸಿ, ಬರಬಹುದಾದ ಆಕ್ಷೇಪಗಳನ್ನು ಮೊದಲೇ ಊಹಿಸಿ, ಒಂದೊಂದನ್ನಾಗಿ ಖಂಡಿಸಿದರೆ ಎದುರಿನವರು ಒಪ್ಪಲೇಬೇಕು ಎಂಬುದು ಆಗಿನ ನನ್ನ ನಂಬಿಕೆ. ಆ ಸೀಮೆಯ ಮೆಟ್ಟಿಲ ಬಾವಿಗಳು ಈ ನಂಬಿಕೆಯನ್ನು ಬೇಗನೆ ಸಡಿಲಗೊಳಿಸಿದವು.

ಬೇಸಿಗೆ ಬಂತೆಂದರೆ ನಮ್ಮ ಶಾಲೆಯ ಮಕ್ಕಳಲ್ಲಿ ಕೆಲವರು ಕುಂಟುತ್ತ ಬರುತ್ತಿದ್ದರು, ಕೆಲವರು ಬರುತ್ತಲೇ ಇರಲಿಲ್ಲ. ಕಾರಣ ನಾರುಹುಣ್ಣು. ಪಾದದ ಮೇಲೊಂದು ಬೊಬ್ಬೆ ಎದ್ದು ಒಡೆದು, ಒಳಗಿನಿಂದ ಬಿಳಿಯ ದಾರದಂಥ ಹುಳು ತಲೆ ಹಾಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪ ಎಳೆಯುತ್ತಿದ್ದರು. ನಡುವೆ ಹರಿದರೆ ಕಾಲು ಬಾತುಕೊಂಡು ತಿಂಗಳುಗಟ್ಟಲೆ ಏಳುವಂತಿರಲಿಲ್ಲ. ಜನ ಇದನ್ನು ಸೆಕೆಯಿಂದ ಬರುವುದೆಂದೋ ದೇವರ ಸಿಟ್ಟೆಂದೋ ತಿಳಿದಿದ್ದರು. ಆದರೆ ಇದು ನೀರಿನಲ್ಲಿ ಜೀವಿಗಳು ಒಂದಕ್ಕೊಂದು ಹೆಣೆದುಕೊಂಡಿರುವ ರೀತಿಯಿಂದ ಬರುವ ಕಾಯಿಲೆ. ಹುಣ್ಣಿರುವವರು ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟಾಗ ಹುಳುವಿನ ಮರಿಗಳು ನೀರಿಗೆ ಬೀಳುತ್ತವೆ. ಸೈಕ್ಲಾಪ್ಸ್ ಎಂಬ, ಕಣ್ಣಿಗೆ ಕಂಡೂ ಕಾಣದಂಥ ನೀರಿನ ಜೀವಿ ಆ ಮರಿಗಳನ್ನು ನುಂಗುತ್ತದೆ. ಆ ನೀರನ್ನು ಹಾಗೆಯೇ ಕುಡಿದವರ ಮೈಯಲ್ಲಿ ಮರಿ ಬೆಳೆದು, ಮುಂದಿನ ಬೇಸಿಗೆಯ ಹೊತ್ತಿಗೆ ಕಾಲಿನಿಂದ ಹೊರಗೆ ಬಂದು, ಮತ್ತೆ ನೀರನ್ನೇ ಹುಡುಕುತ್ತದೆ. ಆಹಾರ ಸರಪಳಿಯನ್ನು ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿರಲಿಲ್ಲ. ಪಠ್ಯಪುಸ್ತಕದಲ್ಲಿದ್ದ ಹುಲ್ಲು, ಜಿಂಕೆ, ಹುಲಿಗಳನ್ನು ಬಿಟ್ಟು ನಾನು ಬಾವಿಯ ಪಾಚಿ, ಸೈಕ್ಲಾಪ್ಸ್, ಮೀನು, ಮನುಷ್ಯ ಎಂದು ಬೋರ್ಡಿನ ಮೇಲೆ ಬರೆದೆ.

ಬೋರ್ಡಿನ ಮೇಲೆ ಬರೆದದ್ದು ಬಾವಿಯವರೆಗೆ ಹೋಗಬೇಕೆಂದು ಒಂದು ಭಾನುವಾರ ಅರಕೇರಾದ ಕಡೆಯ ಒಂದು ಊರಿಗೆ ಹೋದೆ. ಎಂಟನೆಯ ತರಗತಿಯ ಒಬ್ಬ ಹುಡುಗಿಯ ಊರು ಅದು. ಕೂಲಿಯ ಮನೆತನ, ಅವರ ಓಣಿಯವರಿಗೆ ಊರ ಬಾವಿಯ ಮೆಟ್ಟಿಲಿಳಿಯುವ ಹಕ್ಕಿರಲಿಲ್ಲ, ಬೇರೊಂದು ಚಿಕ್ಕ ಬಾವಿ ಇತ್ತು. ನಾನು ಆ ಬಾವಿಯ ದಂಡೆಯಲ್ಲಿ ನಿಂತು, ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ ಕುಡಿಯಬೇಕೆಂದು ಕ್ರಮವಾಗಿ ವಾದಿಸಿದೆ. ಎಲ್ಲರೂ ಕೇಳಿದರು. ಕೊನೆಗೆ ಆ ಹುಡುಗಿಯ ತಾಯಿ, ಹಿಂದಿನ ವರ್ಷದ ಹುಣ್ಣಿನಿಂದ ಒಂದು ಕಾಲನ್ನು ಎಳೆದು ನಡೆಯುತ್ತಿದ್ದವರು, ಕೊಡವನ್ನು ಕೆಳಗಿಟ್ಟರು.

“ಹಿಟ್ಟು ಸಾಣಿಸೂದು ಕೇಳೀವ್ರಿ ಮಾಸ್ತರ. ನೀರು ಸಾಣಿಸೂದು ನಿಮ್ಮಿಂದನ ಕೇಳಾಕತ್ತೀವಿ.”

“ನೀರಿನ್ಯಾಗ ಹುಳ ಅದಾವ, ಯವ್ವಾ.”

“ಇದ್ರ ತಗದು ಒಗೀತೀವಲ್ಲ.”

“ಅವು ಕಣ್ಣಿಗೆ ಕಾಣಂಗಿಲ್ಲ.”

“ಮತ್ತ ಕಾಣಲಾರದ್ದು ನಿಮಗ ಹೆಂಗ ಕಂಡ್ವು?”

ಸುತ್ತ ನಿಂತವರು ನಕ್ಕರು. ಸಭೆಯಲ್ಲಿ ನಾನು ಸೋತದ್ದು ಅಪರೂಪ. ಬಾವಿಯ ದಂಡೆಯಲ್ಲಿ ಒಂದೇ ಪ್ರಶ್ನೆಗೆ ಸೋತೆ. ಆ ಪ್ರಶ್ನೆ ನ್ಯಾಯವಾದದ್ದಾಗಿತ್ತು, ಮತ್ತು ಅದಕ್ಕೆ ಮಾತಿನಲ್ಲಿ ಉತ್ತರವಿರಲಿಲ್ಲ. ಮುಂದಿನ ಭಾನುವಾರ ಶಾಲೆಯ ಭೂತಗನ್ನಡಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಒಂದು ಗಾಜಿನ ಲೋಟದಲ್ಲಿ ಬಾವಿಯ ನೀರು ಹಿಡಿದು, ಬಿಸಿಲಿಗೆ ಎತ್ತಿ, ಹುಡುಗಿಯ ಕೈಗೆ ಭೂತಗನ್ನಡಿ ಕೊಟ್ಟೆ. ಅವಳು ನೋಡಿ, ಅದನ್ನು ತಾಯಿಯ ಕಣ್ಣಿಗೆ ಹಿಡಿದಳು.

“ಕುಣಿಯಾಕತ್ತಾವಲ್ಲೋ ಯಪ್ಪಾ!” ಎಂದು ಆ ತಾಯಿ ಲೋಟವನ್ನು ದೂರ ಹಿಡಿದರು. ಆಮೇಲೆ ಸೆರಗನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿದರು. ನನ್ನ ಕಡೆ ತಿರುಗಿ, “ಮೊದಲನ ಇದನ್ನ ತರಬಾರದಾಗಿತ್ತ? ಹೋದ ಸಲ ಸುಮ್ನ ಅಷ್ಟ ಮಾತಾಡಿದ್ರಿ” ಎಂದರು.

ತಾಯಿಗಿಂತ ಮಗಳ ಮೇಲೆ ಅದು ಹೆಚ್ಚು ಕೆಲಸ ಮಾಡಿತು. ಸೋಸುವುದರ ಜೊತೆಗೆ ಕಾಯಿಸಿದರೆ ಇನ್ನೂ ಒಳ್ಳೆಯದೆಂದು ನಾನು ತರಗತಿಯಲ್ಲಿ ಹೇಳಿದ್ದೆ. ಅಂದಿನಿಂದ ಅವಳು ಕಾಯಿಸದ ನೀರನ್ನು ಬಾಯಿಗೆ ಹಾಕಲಿಲ್ಲ. ಮನೆಯಲ್ಲಿ ಕಟ್ಟಿಗೆ ಹೆಚ್ಚು ಸುಡುತ್ತದೆಂದು ತಾಯಿ ಗೊಣಗಿದರೆ, ರೊಟ್ಟಿ ಮಾಡಿ ಉಳಿದ ಕೆಂಡದ ಮೇಲೆ ನೀರಿನ ಪಾತ್ರೆ ಇಡುತ್ತಿದ್ದಳಂತೆ. ಆ ಓಣಿಯಲ್ಲಿ ನಾರುಹುಣ್ಣು ಒಮ್ಮೆಲೇ ಹೋಗಲಿಲ್ಲ. ಅವರ ಮನೆಗೆ ಮಾತ್ರ ಮತ್ತೆ ಬರಲಿಲ್ಲ.

ಕೆಲವು ವರ್ಷಗಳ ನಂತರ ನನ್ನನ್ನು ಮಾನ್ವಿಯ ಒಂದು ಜೂನಿಯರ್ ಕಾಲೇಜಿಗೆ ವರ್ಗ ಮಾಡಿದರು. ಆ ಹುಡುಗಿಯೂ ಹತ್ತನೆಯ ತರಗತಿ ಮುಗಿಸಿ, ಅಲ್ಲಿಯ ಪರಿಶಿಷ್ಟ ಜಾತಿಯ ಹೆಣ್ಣುಮಕ್ಕಳ ಸರಕಾರಿ ಹಾಸ್ಟೆಲಿಗೆ ಸೇರಿ ನಮ್ಮ ಕಾಲೇಜಿನಲ್ಲಿಯೇ ವಿಜ್ಞಾನ ತೆಗೆದುಕೊಂಡಳು. ದೇವದುರ್ಗಕ್ಕೂ ಮಾನ್ವಿಗೂ ದೂರ ಹೆಚ್ಚಿಲ್ಲ, ಆದರೆ ನೆಲ ಬೇರೆ. ಅಲ್ಲಿ ಜೋಳ, ಸಜ್ಜೆ, ಮಳೆಯ ದಾರಿ ನೋಡುವ ಹೊಲ. ಇಲ್ಲಿ ಕಾಲುವೆ, ಸಿರವಾರದವರೆಗೂ ಭತ್ತದ ಗದ್ದೆ. ಕಾಲುವೆಯ ನೀರು ನಿಧಾನವಾಗಿ ಹರಿಯುವ ಕಡೆ ಹೈಡ್ರಿಲ್ಲಾ ಎಂಬ ಜಲಸಸ್ಯ ಜಡೆ ಜಡೆಯಾಗಿ ಬೆಳೆಯುತ್ತಿತ್ತು. ನೀರು ಮುಂದಕ್ಕೆ ಹೋಗದಂತೆ ಮಾಡುತ್ತದೆಂದು ರೈತರು ಅದನ್ನು ಬೈದು ಕಿತ್ತು ದಂಡೆಗೆ ಎಸೆಯುತ್ತಿದ್ದರು. ನಮಗೆ ಅದೇ ಪ್ರಯೋಗಶಾಲೆ.

ನಮ್ಮ ಕಾಲೇಜಿನ ವಿಜ್ಞಾನದ ಕೋಣೆಯಲ್ಲಿ ಗಾಜಿನ ಸಾಮಾನುಗಳಿಗಿಂತ ಖಾಲಿ ಕಪಾಟುಗಳೇ ಹೆಚ್ಚು. ಸಸ್ಯಗಳ ಆಹಾರ ತಯಾರಿಕೆಯಾದ ದ್ಯುತಿಸಂಶ್ಲೇಷಣೆಯನ್ನು ನಾನು ರೊಟ್ಟಿಯ ಲೆಕ್ಕದಲ್ಲಿ ಹೇಳುತ್ತಿದ್ದೆ. ಗಿಡಕ್ಕೆ ಬೆಳಕು ಒಲೆಯ ಉರಿಯಿದ್ದಂತೆ, ಇಂಗಾಲದ ಡೈಆಕ್ಸೈಡ್ ಹಿಟ್ಟಿದ್ದಂತೆ. ಯಾವುದು ಎಲ್ಲಕ್ಕಿಂತ ಕಡಿಮೆ ಇದೆಯೋ ಅದೇ ರೊಟ್ಟಿಯ ಸಂಖ್ಯೆಯನ್ನು ತೀರ್ಮಾನಿಸುತ್ತದೆ. ಹಿಟ್ಟು ಮುಗಿದ ಮೇಲೆ ಉರಿ ಹೆಚ್ಚಿಸಿದರೆ ರೊಟ್ಟಿ ಹೆಚ್ಚಾಗುವುದಿಲ್ಲ. ಹೆಂಚು ಸುಡುತ್ತದೆ ಅಷ್ಟೇ. ಸೀಮಿತಕಾರಕ ಎಂಬ ದೊಡ್ಡ ಪದದ ಒಳಗಿರುವುದು ಇಷ್ಟೇ. ನೀರಿನೊಳಗಿನ ಗಿಡಕ್ಕೆ ಈ ಹಿಟ್ಟು ಗಾಳಿಯಿಂದ ನೇರವಾಗಿ ಸಿಗುವುದಿಲ್ಲ, ನೀರಿನಲ್ಲಿ ಕರಗಿದ್ದು ಮಾತ್ರ ಸಿಗುತ್ತದೆ ಎಂದೂ ಹೇಳುತ್ತಿದ್ದೆ.

ಪಿಯುಸಿ ಪರೀಕ್ಷೆಯ ವರ್ಷ ಬಂತು. ನಮ್ಮಲ್ಲಿ ಸರಿಯಾದ ಪ್ರಯೋಗಶಾಲೆ ಇಲ್ಲದ್ದರಿಂದ ಪ್ರಾಕ್ಟಿಕಲ್ ಪರೀಕ್ಷೆಗೆ ರಾಯಚೂರು ನಗರದ ಒಂದು ಕಾಲೇಜಿಗೆ ಹೋಗಬೇಕಿತ್ತು. ಪ್ರಾಕ್ಟಿಕಲ್‌ನಲ್ಲಿ ಉತ್ತೀರ್ಣರಾಗದಿದ್ದರೆ ಬರವಣಿಗೆಯಲ್ಲಿ ಎಷ್ಟು ಬಂದರೂ ಫೇಲು. ಹಿಂದಿನ ದಿನ ಅವಳು ಹೈಡ್ರಿಲ್ಲಾ ತರಲು ಕಾಲುವೆಗೆ ಹೊರಟವಳು ನನ್ನನ್ನು ಕಂಡು ನಿಂತಳು.

“ಪಾಸಾದ್ರ ರಾಯಚೂರಾಗ ಹಾಸ್ಟೆಲ್ ಸಿಗ್ತದ ಸರ್, ಬಿಎಸ್ಸಿ ಓದಬಹುದು. ಫೇಲಾದ್ರ ಇಲ್ಲಿ ಹಾಸ್ಟೆಲ್‌ನ್ಯಾಗ ಇಟ್ಕೊಳ್ಳಂಗಿಲ್ಲ. ನಮ್ಮವ್ವ ಹೇಳ್ಯಾಳ, ಹಾಸ್ಟೆಲ್ ಇರೂತನ ಓದು, ಅಲ್ಲಿಂದ ಬಂದ ದಿವಸ ಕುರ್ಪಿ ಹಿಡಿ ಅಂತ.”

ಕುರ್ಪಿ ಎಂದರೆ ಕಳೆ ತೆಗೆಯುವ ಚಿಕ್ಕ ಸಲಿಕೆ. ತಾಯಿ ಅದನ್ನು ಕಠಿಣವಾಗಿ ಹೇಳಿರಲಿಕ್ಕಿಲ್ಲ. ಇದ್ದ ಸ್ಥಿತಿಯನ್ನು ಹೇಳಿದ್ದರು. ಹೊರಗೆ ಕೋಣೆ ಹಿಡಿದು ಓದುವ ಮಾತು ಆ ಮನೆಯಲ್ಲಿ ಇರಲಿಲ್ಲ. “ಯಾಕ ಫೇಲಾಗ್ತಿ?” ಎಂದೆ. “ಆಗಂಗಿಲ್ಲ ಬಿಡ್ರಿ” ಎಂದು ಕಾಲುವೆಯ ಕಡೆ ಹೋದಳು.

ಮರುದಿನ ಮೊದಲ ಬಸ್ಸಿಗೆ ಹೊರಟೆವು. ಹೈಡ್ರಿಲ್ಲಾವನ್ನು ಅವಳು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ಕೈಯಲ್ಲಿ ಹಿಡಿದಿದ್ದಳು. ಅವಳ ಇನ್ನೊಂದು ಕೈಯಲ್ಲಿ ಅಲ್ಯುಮಿನಿಯಮ್ಮಿನ ಹಾಲಿನ ಕ್ಯಾನು ಇತ್ತು. ಅದರಲ್ಲಿದ್ದುದು ದಿನವೆಲ್ಲ ಕುಡಿಯಲು ಹಾಸ್ಟೆಲಿನಲ್ಲಿ ಕಾಯಿಸಿ, ಆರಿಸಿ, ಮುಚ್ಚಳ ಬಿಗಿದು ತಂದ ನೀರು. ಗೆಳತಿಯರು ಅವಳನ್ನು ಗೌಳಿಗಿತ್ತಿ ಎಂದು ದಾರಿಯುದ್ದಕ್ಕೂ ಚುಡಾಯಿಸಿದರು. ಒಬ್ಬಳು ಅರ್ಧ ಸೇರು ಹಾಲು ಕೊಡು ಎಂದು ಕೈಯೊಡ್ಡಿದಳು. ಅವಳು ಕ್ಯಾನನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ರಾಯಚೂರಿನ ಏಪ್ರಿಲ್ಲಿನ ಬಿಸಿಲು ಬೆಳಿಗ್ಗೆಯೇ ಗೋಡೆಗಳನ್ನು ಕಾಯಿಸಿತ್ತು. ಪರೀಕ್ಷೆ ನಡೆಯಬೇಕಿದ್ದ ಕಾಲೇಜಿನ ನಲ್ಲಿಯಲ್ಲಿ ನೀರಿರಲಿಲ್ಲ. ಜಗುಲಿಯಲ್ಲಿ ಒಂದು ದೊಡ್ಡ ಬ್ಯಾರಲ್ ಇತ್ತು, ಅದರಿಂದ ಎಲ್ಲರೂ ಮೊಗೆದುಕೊಳ್ಳಬೇಕು. ಅಲ್ಲಿಯ ಅಟೆಂಡರ್, ಮನೆಯಲ್ಲಿ ದಖ್ಖನಿ ಮಾತನಾಡುವ ವಯಸ್ಸಾದ ಮನುಷ್ಯ, “ನೀರು ಅದ, ನೀರಿನ ಜೋಡಿ ಮಚ್ಛರ್ ಕೇ ಬಚ್ಚೇನೂ ಅದಾವ, ಮುಫ್ತಿನ್ಯಾಗ” ಎಂದು ಸೊಳ್ಳೆಮರಿಗಳನ್ನು ತೋರಿಸಿ ಎಲ್ಲರಿಗೂ ಹೇಳುತ್ತಿದ್ದ.

ಚೀಟಿ ಎತ್ತಿದಾಗ ಅವಳಿಗೂ ಇನ್ನಿಬ್ಬರಿಗೂ ಹೈಡ್ರಿಲ್ಲಾದ ಪ್ರಯೋಗವೇ ಬಂತು. ನನಗೆ ಸಮಾಧಾನವಾಯಿತು, ಅದನ್ನು ಅವರು ಮಾನ್ವಿಯಲ್ಲಿ ಅನೇಕ ಸಲ ಮಾಡಿದ್ದರು. ಗಾಜಿನ ಬೀಕರಿನಲ್ಲಿ ನೀರು ತುಂಬಿ, ಹೈಡ್ರಿಲ್ಲಾದ ಕೊಂಬೆಗಳನ್ನು ಅದರಲ್ಲಿಟ್ಟು, ಮೇಲೆ ಆಲಿಕೆಯನ್ನು ಬೋರಲು ಹಾಕಿ, ಆಲಿಕೆಯ ತುದಿಗೆ ನೀರು ತುಂಬಿದ ಪ್ರನಾಳವನ್ನು ತಲೆಕೆಳಗಾಗಿ ಇಡಬೇಕು. ಬಿಸಿಲಿಗೆ ಇಟ್ಟರೆ ಕೊಂಬೆಯ ಕತ್ತರಿಸಿದ ತುದಿಯಿಂದ ಆಮ್ಲಜನಕದ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತವೆ. ಇನ್ನಿಬ್ಬರು ಬ್ಯಾರಲ್ಲಿನ ನೀರನ್ನು ತೆಗೆದುಕೊಂಡರು. ಅವಳು ಬ್ಯಾರಲ್ಲಿನೊಳಗೆ ಒಮ್ಮೆ ಬಗ್ಗಿ ನೋಡಿ, ಹಿಂದೆ ಸರಿದು, ತನ್ನ ಕ್ಯಾನಿನಿಂದ ಬೀಕರಿಗೆ ನೀರು ಸುರಿದಳು.

ನಾನು ಒಳಪರೀಕ್ಷಕ, ಎರಡು ಮೇಜುಗಳಾಚೆ ಕೂತಿದ್ದೆ. ಬೇರೆ ಊರಿನಿಂದ ಬಂದ ಹೊರಪರೀಕ್ಷಕರು ಸಣ್ಣ ಮೈಕಟ್ಟಿನವರು. ಆ ಸೆಕೆಯಲ್ಲೂ ಕೋಟು, ಕುರ್ಚಿಗೆ ತಗುಲಿಸಿದ ಕಪ್ಪು ಕೊಡೆ. ಪರೀಕ್ಷೆಯ ಹೊತ್ತಿನಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ನಾವು ಒಂದಕ್ಷರವನ್ನೂ ಸೂಚಿಸಬಾರದೆಂದು ಅವರು ಮೊದಲೇ ಹೇಳಿದ್ದರು. ಹೇಳದಿದ್ದರೂ ಅದು ನಿಯಮವೇ.

ಸ್ವಲ್ಪ ಹೊತ್ತಿಗೆ ಇನ್ನಿಬ್ಬರ ಪ್ರನಾಳಗಳಲ್ಲಿ ಗುಳ್ಳೆಗಳು ಏರತೊಡಗಿದವು. ಅವಳ ಬೀಕರು ನಿಶ್ಚಲವಾಗಿತ್ತು. ಅವಳು ಅದನ್ನು ಕಿಟಕಿಯ ಬಿಸಿಲಿಗೆ ಇನ್ನಷ್ಟು ಸರಿಸಿದಳು. ಕೊಂಬೆಯ ತುದಿಯನ್ನು ಹೊಸದಾಗಿ ಕತ್ತರಿಸಿದಳು. ಏನೂ ಆಗಲಿಲ್ಲ. ನನಗೆ ಕಂಡದ್ದು ಬೀಕರಿನ ತಳದಲ್ಲಿ ತೆಳ್ಳಗೆ ಕೂತಿದ್ದ ಬಿಳಿಯ ಪುಡಿ. ನಮ್ಮ ಗಡಸು ನೀರನ್ನು ಕಾಯಿಸಿದಾಗ ತಳಕ್ಕೆ ಕೂರುವ ಸುಣ್ಣ ಅದು. ಆ ಕೂಡಲೇ ಕಾರಣ ಹೊಳೆಯಿತು. ಕುದಿಸಿದ ನೀರಿನಿಂದ ಕರಗಿದ ಗಾಳಿಯೆಲ್ಲ ಹೊರಟುಹೋಗುತ್ತದೆ. ಕುಡಿಯಲು ನಿರಪಾಯವಾದ ಆ ನೀರಿನಲ್ಲಿ ಗಿಡಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ಉಳಿದಿರಲಿಲ್ಲ. ಒಲೆ ಉರಿಯುತ್ತಿತ್ತು, ಹಿಟ್ಟಿರಲಿಲ್ಲ. ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದಾದ ಮಾತನ್ನು ನುಂಗಿಕೊಂಡು ಕೂತೆ. ಮಾತೇ ಕಸುಬಾದವನಿಗೆ ಅದು ಸುಲಭವಾಗಿರಲಿಲ್ಲ.

ಹೊರಪರೀಕ್ಷಕರು ಅವಳ ಮೇಜಿನ ಮುಂದೆ ನಿಂತರು.

“ಗುಳ್ಳಿ ಎಲ್ಲಿ ಅದಾವವ್ವಾ?”

“ಬರ್ತಾವ ಸರ್.”

“ಯಾವಾಗ, ನಾ ರಿಟೈರ್ ಆದ ಮ್ಯಾಲ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳ ಕಿವಿಗಳು ಕೆಂಪಾದವು.

“ಬಿಸಲು ಬೇಕಾದಷ್ಟದ. ಗಿಡ ಹಸರ ಅದ. ಮತ್ತೇನಾತು? ಕಾರಣ ಹೇಳು, ಇಲ್ಲಾ ಪ್ರಯೋಗ ಆಗಿಲ್ಲಂತ ಬರೀತೀನಿ.”

ಅವಳು ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಅದನ್ನು ಇವತ್ತಿಗೂ ಮೆಚ್ಚುತ್ತೇನೆ. ಪಕ್ಕದ ಮೇಜಿನ ಬೀಕರನ್ನು ನೋಡಿದಳು, ತನ್ನದನ್ನು ನೋಡಿದಳು.

“ಸರ್, ಗಿಡ ಎಲ್ಲಾರದೂ ಒಂದ ಕಾಲುವೀದು. ಬಿಸಲೂ ಒಂದ. ನೀರು ಬ್ಯಾರೆ.”

“ಏನು ಬ್ಯಾರೆ?”

“ಅವರದು ಬ್ಯಾರಲ್ ನೀರು. ನಂದು ಕಾಸಿ ಆರಿಸಿದ್ದು.”

“ಸಸ್ಯಶಾಸ್ತ್ರದ ಪರೀಕ್ಷಾಕ ನೀರು ಕಾಸಿಕೊಂಡು ಯಾರು ಬರ್ತಾರ?”

“ಕುಡಿಯಾಕ ತಂದಿದ್ದೆ ಸರ್. ನಾರುಹುಣ್ಣ ಆಗಬಾರದಂತ.”

ಈಗ ಇಡೀ ಕೋಣೆ ನಕ್ಕಿತು. ಪರೀಕ್ಷಕರೂ ನಕ್ಕರು. “ಗಿಡಕ್ಕ ಕಾಲಿಲ್ಲಲ್ಲವ್ವಾ, ನಾರು ಎಲ್ಲಿಂದ ಬರಬೇಕು?”

ನಗು ನಿಲ್ಲುವವರೆಗೆ ಅವಳು ಕಾದಳು. ಆಮೇಲೆ, ಕುದಿಸಿದಾಗ ನೀರಿನಿಂದ ಇಂಗಾಲದ ಡೈಆಕ್ಸೈಡ್ ಹೋಗಿರಬೇಕು, ಅದಕ್ಕೇ ಗಿಡ ಸುಮ್ಮನಿದೆ ಎಂದಳು. “ಹಿಟ್ಟಿಲ್ಲದ ಬರೇ ಉರಿ ಹಚ್ಚಿದಂಗ ಆಗ್ಯದ ಸರ್.”

“ಕೆಲಸ ಕೆಟ್ಟ ಮ್ಯಾಲ ನೆವ ಎಲ್ಲಾರಿಗೂ ಹೊಳೀತಾವ. ತೋರಿಸು” ಎಂದರು ಪರೀಕ್ಷಕರು.

ನನಗೆ ಬಾವಿಯ ದಂಡೆ ನೆನಪಾಯಿತು. ಕಾಣಲಾರದ್ದು ಹೇಗೆ ಕಂಡಿತು ಎಂದು ತಾಯಿ ಕೇಳಿದ ಪ್ರಶ್ನೆಯನ್ನೇ ಈಗ ಮಗಳಿಗೆ ಕೇಳುತ್ತಿದ್ದರು. ಅವಳು ಮೇಜಿನ ಮೇಲಿದ್ದ ಗಾಜಿನ ನಳಿಗೆಯನ್ನು ಎತ್ತಿ, ಬೀಕರಿನಿಂದ ಆಲಿಕೆ, ಕೊಂಬೆಗಳನ್ನೆಲ್ಲ ತೆಗೆದಿಟ್ಟು, ನಳಿಗೆಗೆ ಬಾಯಿ ಹಚ್ಚಲು ಹೋದಳು. ಆ ಕಾಲೇಜಿನ ಒಬ್ಬ ಉಪನ್ಯಾಸಕರು ದೂರದಿಂದಲೇ, “ಏ, ಎಂಜಲ ಮಾಡಬ್ಯಾಡ, ಆ ನಳಗಿ ನಾಳೆ ಬ್ಯಾರೆದೋರಿಗೆ ಬೇಕು” ಎಂದರು. ಅವಳ ಕೈ ನಿಂತಿತು. ಅವಳು ಹಾಸ್ಟೆಲಿನ ಹುಡುಗಿ ಎಂಬುದು ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಮಾತು ಬರೀ ಸ್ವಚ್ಛತೆಯದಲ್ಲ ಎಂಬುದೂ ಗೊತ್ತಿತ್ತು. ನಾನು ಎದ್ದು ನಿಂತೆ. ಇದು ಉತ್ತರದ ಸೂಚನೆಯಲ್ಲ, ಇದಕ್ಕೆ ನಿಯಮದ ಅಡ್ಡಿಯಿರಲಿಲ್ಲ. “ಪರೀಕ್ಷೆ ಮುಗಿದ ಮೇಲೆ ಎಲ್ಲ ನಳಿಗೆಗಳನ್ನೂ ತೊಳೆಯುವ ಪದ್ಧತಿ ಇದೆಯಲ್ಲ, ಸರ್? ಇದನ್ನೂ ತೊಳೆಯಬಹುದು” ಎಂದೆ. ಹೊರಪರೀಕ್ಷಕರು ಆ ಉಪನ್ಯಾಸಕರ ಕಡೆ ನೋಡದೆಯೇ, “ಊದವ್ವಾ ನೀನು, ಹೊತ್ತಾಗಾಕತ್ತದ” ಎಂದರು.

ಅವಳು ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತ, ನೀರಿನೊಳಗೆ ಬಹಳ ಹೊತ್ತು ಊದಿದಳು. ನಾವು ಹೊರಬಿಡುವ ಉಸಿರಿನಲ್ಲಿರುವುದು ಗಿಡಕ್ಕೆ ಬೇಕಾದ ಅದೇ ಅನಿಲ. ಬಳಿಕ ಕೊಂಬೆಗಳನ್ನು ಮತ್ತೆ ಜೋಡಿಸಿ, ಬೀಕರನ್ನು ಜಗುಲಿಯ ಬಿಸಿಲಿಗೆ ಒಯ್ದಳು. ನಾವು ಸುತ್ತ ನಿಂತೆವು. ಮೊದಲು ಏನೂ ಇಲ್ಲ. ಆಮೇಲೆ ಕೊಂಬೆಯ ತುದಿಯಲ್ಲಿ ಒಂದು ಗುಳ್ಳೆ ದಪ್ಪವಾಗುತ್ತ ಬಂದು, ಬಿಡಿಸಿಕೊಂಡು ಮೇಲೇರಿತು. ಅದರ ಹಿಂದೆ ಇನ್ನೊಂದು. ಸ್ವಲ್ಪದರಲ್ಲೇ ಅವು ಸಾಲಾಗಿ ಏರತೊಡಗಿದವು.

“ಇವು ನೀ ಊದಿದ ಗಾಳಿ ಇರಬಹುದಲ್ಲ? ಗಿಡಕ್ಕ ಹತ್ತಿಕೊಂಡು ಈಗ ಮ್ಯಾಲ ಬರಾಕತ್ತಿರಬಹುದು” ಎಂದರು ಪರೀಕ್ಷಕರು.

ಒಳ್ಳೆಯ ಆಕ್ಷೇಪ. ನಾನು ಆ ಪಕ್ಷದಲ್ಲಿದ್ದರೆ ಇದನ್ನೇ ಎತ್ತುತ್ತಿದ್ದೆ. ಅವಳು ಈ ಸಲ ಹೆಚ್ಚು ಯೋಚಿಸಲಿಲ್ಲ. “ಹಂಗಿದ್ರ ನೆರಳಿನ್ಯಾಗೂ ಬರಬೇಕಲ್ಲ ಸರ್. ಬೆಳಕು ತಪ್ಪಿಸಿ ನೋಡೂಣು” ಎಂದು ಏನಾದರೂ ಮುಚ್ಚಲು ಸಿಗುತ್ತದೆಯೇ ಎಂದು ಅತ್ತಿತ್ತ ನೋಡಿದಳು.

“ಸಾಹೇಬರದು ಛತ್ರಿ ಅದಲ್ಲ, ಬೇಟಿ” ಎಂದ ಅಟೆಂಡರ್.

ಪರೀಕ್ಷಕರ ಕೊಡೆ. ಅವಳು ಕೇಳಲಾರದೆ ನಿಂತಳು. ಅವರೇ ಒಳಗೆ ಹೋಗಿ ಕೊಡೆ ತಂದು, ಬಿಚ್ಚಿ, ಕುಕ್ಕರಗಾಲಿನಲ್ಲಿ ಕೂತು ಬೀಕರಿನ ಮೇಲೆ ಹಿಡಿದರು. ಕೋಟು ಹಾಕಿದ ಪರೀಕ್ಷಕರು ತಾವು ಬಿಸಿಲಿನಲ್ಲಿ ಕೂತು ಒಂದು ಜಲಸಸ್ಯಕ್ಕೆ ಕೊಡೆ ಹಿಡಿದದ್ದನ್ನು ಆ ಜಗುಲಿಯಲ್ಲಿದ್ದವರು ಮರೆತಿರಲಾರರು. ಗುಳ್ಳೆಗಳು ವಿರಳವಾದವು, ಮತ್ತಷ್ಟು ವಿರಳವಾದವು, ಬಹುತೇಕ ನಿಂತವು. ಕೊಡೆ ಸರಿಸಿದರು. ಮತ್ತೆ ಏರತೊಡಗಿದವು. ಅವರು ಇನ್ನೊಮ್ಮೆ ಹಿಡಿದು, ಇನ್ನೊಮ್ಮೆ ಸರಿಸಿ ನೋಡಿದರು. ಪರೀಕ್ಷೆಗಾಗಿ ಅಲ್ಲ, ತಮಗಾಗಿಯೇ ನೋಡುತ್ತಿದ್ದಾರೆಂದು ನನಗೆ ಅನ್ನಿಸಿತು.

ಎದ್ದು ನಿಂತಾಗ ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ನಲ್ಲಿಯ ಕಡೆ ನೋಡಿದರು, ಬ್ಯಾರಲ್ಲಿನ ಕಡೆ ನೋಡಿದರು. ಕೊನೆಗೆ, “ಆ ಕ್ಯಾನಿನ್ಯಾಗ ನೀರು ಉಳದಾವೇನವ್ವಾ?” ಎಂದು ಕೇಳಿದರು. ಅವಳು ಮುಚ್ಚಳದಲ್ಲಿ ಬಗ್ಗಿಸಿ ಕೊಟ್ಟಳು. ಅವರು ಕುಡಿದರು, ಮುಖ ಸ್ವಲ್ಪ ಕಿವುಚಿದರು.

“ಸಪ್ಪಗ ಅದಲ್ಲ.”

“ಅದಕ್ಕ ಸರ್, ಗಿಡಾನೂ ಒಪ್ಪಲಿಲ್ಲ.”

ಅವರು ಮುಚ್ಚಳವನ್ನು ಮುಂದೆ ಹಿಡಿದು ಇನ್ನೊಮ್ಮೆ ಹಾಕಿಸಿಕೊಂಡರು.

ಫಲಿತಾಂಶ ಬಂದಾಗ ಅವಳು ಉತ್ತೀರ್ಣಳಾಗಿದ್ದಳು. ರಾಯಚೂರಿನಲ್ಲಿ ಹಾಸ್ಟೆಲ್ ಸಿಕ್ಕಿತು, ಬಿಎಸ್ಸಿಗೆ ಸೇರಿದಳು. ಆ ವರ್ಷದ ಮಳೆಗಾಲದಲ್ಲಿ ಕೆಲಸದ ಮೇಲೆ ನಗರಕ್ಕೆ ಹೋದಾಗ ಹಾಸ್ಟೆಲಿಗೂ ಹೋದೆ. ಅವಳ ತಾಯಿಯೂ ಗಂಟು ಕಟ್ಟಿಕೊಂಡು ರೊಟ್ಟಿ, ಶೇಂಗಾ ಚಟ್ನಿ ತಂದು ಜಗುಲಿಯಲ್ಲಿ ಕೂತಿದ್ದರು. ಗೋಡೆಯ ಬದಿಗೆ ಎರಡು ಕೊಡಗಳಿದ್ದವು, ಅವುಗಳ ಮೇಲೆ ಸೀಮೆಸುಣ್ಣದಲ್ಲಿ ಏನೋ ಬರೆದಿತ್ತು. ಓದು ಬಾರದ ತಾಯಿ ನನ್ನನ್ನು ಕೇಳಿದರು. ಒಂದರ ಮೇಲೆ ‘ಕಾಯಿಸಿದ್ದು, ಕುಡಿಯಲು’, ಇನ್ನೊಂದರ ಮೇಲೆ ‘ಕಾಯಿಸದ್ದು, ಪ್ರಯೋಗಕ್ಕೆ’ ಎಂದಿದೆ ಎಂದು ಓದಿ ಹೇಳಿದೆ. ಕಾರಣವನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಹಂಗಾದ್ರ ಮಂದಿ ನೀರು ಗಿಡಕ್ಕ ಬ್ಯಾಡ, ಗಿಡದ ನೀರು ಮಂದಿಗೆ ಬ್ಯಾಡ.”

“ಹೌದ್ರಿ, ಯವ್ವಾ.”

“ಮತ್ತ ನೀವು ಯಾರ ಮಾಸ್ತರ್ರೀ, ಮಂದಿ ಮಾಸ್ತರೋ ಗಿಡದ ಮಾಸ್ತರೋ?”

ಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನ್ನ ಬಳಿ ಆ ದಿನ ಭೂತಗನ್ನಡಿಯೂ ಇರಲಿಲ್ಲ. ತಾಯಿ ರೊಟ್ಟಿಯ ಗಂಟು ಬಿಚ್ಚಿ, “ಇರ್ಲಿ ಬಿಡ್ರಿ, ಉಣ್ಣಬರ್ರಿ” ಎಂದರು.